ಕೇಡಿಗೆ ಗುಡಿಯುಂಟೆ?

ಕೇಡಿಗೇ ಅಧಿಪತಿಯಾದ ಒಬ್ಬ ದೇವರು. ಸತ್ತೂ ಸಾಯದೆ ನಡೆದಾಡುವ ಹೆಣಗಳು ಅವನ ಪರಿವಾರ. ನೆಲಮಾಳಿಗೆಯ ಕತ್ತಲಲ್ಲಿ ತಲೆಬುರುಡೆಯ ಮುಂದೆ ಮಂಡಿಯೂರಿ ಲೋಕವೆಲ್ಲ ಅಳಿದು ಶ್ಮಶಾನವಾಗಲಿ ಎಂದು ಹರಕೆ ಹೊರುವ ಅವನ ಭಕ್ತರ ಗುಪ್ತಪಂಥ: ಕಲ್ಪಿತಲೋಕಗಳ ಕಾದಂಬರಿಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ, ಈಗ ನಮ್ಮ ಹಳ್ಳಿಗಳ ಕಾಲೇಜು ಹುಡುಗರು ಮೊಬೈಲಿನಲ್ಲಿ ಆಡುವ ಆಟಗಳಲ್ಲಿಯೂ ಈ ಚಿತ್ರವು ಮತ್ತೆ ಮತ್ತೆ ಕಾಣಬರುತ್ತದೆ. ಅಮೆರಿಕದಲ್ಲಿ 1974ರಲ್ಲಿ ಮೊದಲು ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಮುಂದಿನ ಕೆಲವೇ ವರ್ಷಗಳಲ್ಲಿ ಶಿಷ್ಟ, ದುಷ್ಟ ಎಂಬ ಮುದ್ರೆಯನ್ನು ಮನುಷ್ಯರಿಗೂ ದೇವತೆಗಳಿಗೂ ನಿಯಮಪೂರ್ವಕವಾಗಿ ಒತ್ತಿ, ಇಂಥ ಪಂಥಗಳನ್ನು ಕಥೆಗಾರರ ಸಿದ್ಧಸಾಮಗ್ರಿಯನ್ನಾಗಿ ಮಾಡಿತು. ಆಟವನ್ನು ಆಟವೆಂದು ಆಡುವುದರಲ್ಲಿ ದೋಷವಿಲ್ಲ. ಭಯಾನಕವನ್ನೂ ಬೀಭತ್ಸವನ್ನೂ ರಸಗಳೆಂದು ಅಂಗೀಕರಿಸಿದ ಕಾವ್ಯಪರಂಪರೆ ನಮ್ಮದು. ಆದರೆ ಆ ಚಿತ್ರದ ತಳದಲ್ಲಿ ಒಂದು ನಂಬಿಕೆ ಅಡಗಿದೆ. ಕೇಡನ್ನು ಕೇಡೆಂದು ತಿಳಿದು, ಕೇಡಿಗಾಗಿಯೇ ಆರಾಧಿಸುವ ಜನ ಲೋಕದಲ್ಲಿ ಉಂಟೆಂಬ ನಂಬಿಕೆ. ಅದು ನಿಜವೆ ಎಂಬುದನ್ನು ವಿಚಾರಮಾಡುವುದು ಅವಶ್ಯ.

ನನ್ನ ನಿಲುವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ಕೇಡನ್ನು ಪೂಜಿಸುವ ಪಂಥವೊಂದನ್ನು ಇತಿಹಾಸದಲ್ಲಿ ಅರಸಿಕೊಂಡು ಹೋದರೆ ಬಹುಮಟ್ಟಿಗೆ ಕೈಗೆ ಸಿಕ್ಕುವುದು ಅವರನ್ನು ಒಲ್ಲದವರು ಅವರನ್ನು ಕುರಿತು ಬರೆದ ಮಾತು. ಅವರದೇ ಮಾತು ಸಿಕ್ಕುವುದು ಅಪರೂಪ. ದೇವರ ಹೆಸರಿನಲ್ಲಿ ಕ್ರೌರ್ಯ ನಡೆದಿಲ್ಲವೆಂದು ನಾನು ಹೇಳುತ್ತಿಲ್ಲ. ನಡೆದಿದೆ, ಘೋರವಾಗಿ ನಡೆದಿದೆ. ಆದರೆ ಅದನ್ನು ಮಾಡಿದವರು ಮಳೆಯನ್ನೋ ಮಕ್ಕಳನ್ನೋ ಆರೋಗ್ಯವನ್ನೋ ಜಯವನ್ನೋ ಬೇಡಿ ಮಾಡಿದರೇ ಹೊರತು ಕೇಡನ್ನು ಬೇಡಿ ಮಾಡಲಿಲ್ಲ. ಈ ಭೇದವನ್ನು ಮರೆತ ಸಮಾಜವು ತನ್ನ ಮನೆಯೊಳಗಿನ ಕ್ರೌರ್ಯವನ್ನು ಗುರುತಿಸಲಾರದು. ಅದಕ್ಕಿಂತ ಮಿಗಿಲಾಗಿ, ತನಗೆ ಅಪರಿಚಿತವಾದ ಆಚಾರವನ್ನೆಲ್ಲ ಪೈಶಾಚವೆಂದು ಬಗೆದು ನಿರಪರಾಧಿಗಳನ್ನು ದಂಡಿಸಲು ಹೊರಡುವುದು.

ಸಾಕ್ಷಿಗಾಗಿ ದೂರ ಹೋಗಬೇಕಾಗಿಲ್ಲ. ಗದಗಿನಿಂದ ಮುಳಗುಂದಕ್ಕೆ ಹೋಗುವ ದಾರಿಯನ್ನೇ ನೋಡಿರಿ. ಆ ದಾರಿಯ ಒಂದು ತುದಿಗೆ ಗದಗಿನ ತ್ರಿಕೂಟೇಶ್ವರ, ಒಂದು ಕಾಲಕ್ಕೆ ಕಾಳಾಮುಖ ಶೈವಾಚಾರ್ಯರ ಸ್ಥಾನವಾಗಿದ್ದ ದೇವಾಲಯ. ಇನ್ನೊಂದು ತುದಿಗೆ ಮುಳಗುಂದ, ಹತ್ತನೆಯ ಶತಮಾನದ ಆದಿಯಿಂದಲೂ ಬಸದಿಗಳಿಗೆ ಹೆಸರಾದ ಊರು, 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿ ಅಹಿಂಸೆಯ ವ್ರತಗಳನ್ನು ಕಥೆಗಳ ಮುಖಾಂತರ ಬೋಧಿಸಿದ ಜೈನಕವಿ ನಯಸೇನನ ಊರು. ಒಬ್ಬರ ದೇವರು ಇನ್ನೊಬ್ಬರಿಗೆ ಹೇಗೆ ಕಂಡನೆಂಬ ಪ್ರಶ್ನೆಯನ್ನು ಕೇಳುವುದಕ್ಕೆ ಇದಕ್ಕಿಂತ ತಕ್ಕ ದಾರಿ ನಮಗೆ ಸಿಕ್ಕಲಾರದು.

ಕಾಳಾಮುಖರನ್ನು ಕುರಿತು ಹೊರಗಿನವರು ಬರೆದುದನ್ನು ಮೊದಲು ನೋಡೋಣ. ಯಾಮುನಾಚಾರ್ಯರ ‘ಆಗಮಪ್ರಾಮಾಣ್ಯ’ದಲ್ಲಿಯೂ ರಾಮಾನುಜಾಚಾರ್ಯರ ‘ಶ್ರೀಭಾಷ್ಯ’ದಲ್ಲಿಯೂ ಈ ಪಂಥದ ಆಚಾರಗಳ ಒಂದು ವರ್ಣನೆ ಬರುತ್ತದೆ. ತಲೆಬುರುಡೆಯನ್ನು ಪಾತ್ರೆಯಾಗಿ ಬಳಸುವುದು, ಹೆಣದ ಬೂದಿಯಲ್ಲಿ ಮೀಯುವುದು, ಆ ಬೂದಿಯನ್ನೇ ತಿನ್ನುವುದು, ದಂಡವನ್ನು ಹಿಡಿಯುವುದು, ಮದ್ಯದ ಕುಂಭವನ್ನು ಸ್ಥಾಪಿಸಿ ಅದರಲ್ಲಿ ದೇವರನ್ನು ಅರ್ಚಿಸುವುದು, ಇವುಗಳಿಂದ ಇಹಪರಗಳ ಸಕಲ ಫಲವೂ ಸಿದ್ಧಿಸುವುದೆಂದು ಅವರು ನಂಬುವರಂತೆ. ಕನ್ನಡನಾಡಿನಲ್ಲಿ ಒಂದೇ ಒಂದು ಕಾಳಾಮುಖ ಶಾಸನವೂ ಉಳಿಯದೆ ಈ ವಾಕ್ಯಗಳು ಮಾತ್ರ ಉಳಿದಿದ್ದರೆ, ಇಂದಿನ ಕಥೆಗಾರನಿಗೆ ಬೇಕಾದ ಮೃತ್ಯುದೇವನ ಅರ್ಚಕಮಂಡಲ ಇದೇ ಎಂದು ನಾವೆಲ್ಲರೂ ನಂಬಿಬಿಡುತ್ತಿದ್ದೆವು.

ಸುದೈವದಿಂದ ಕಲ್ಲುಗಳು ಉಳಿದಿವೆ. ಸೇವುಣ ಭಿಲ್ಲಮನ ಸೈನ್ಯವನ್ನು ಈ ಭಾಗದಲ್ಲಿಯೇ, ಸೊರಟೂರು ಲೊಕ್ಕಿಗುಂಡಿಗಳ ಸುತ್ತಿನಲ್ಲಿ ಸೋಲಿಸಿದ ಹೊಯ್ಸಳ ವೀರಬಲ್ಲಾಳನು 1192ರಲ್ಲಿ ತ್ರಿಕೂಟೇಶ್ವರನಿಗೆ ದತ್ತಿಯನ್ನು ಬಿಟ್ಟಾಗ ಅದನ್ನು ಸ್ವೀಕರಿಸಿದವನು ಸಿದ್ಧಾಂತಿ ಚಂದ್ರಭೂಷಣ ಪಂಡಿತದೇವ. ಸೋಮೇಶ್ವರನ ಪ್ರಶಿಷ್ಯ, ವಿದ್ಯಾಭರಣನ ಶಿಷ್ಯ, ಕಾಳಾಮುಖಾಚಾರ್ಯ ಪರಂಪರೆಯವನು. ಕಾಳಾಮುಖವೆಂಬ ಆ ಹೆಸರನ್ನು ಶಾಸನವು ಮರೆಮಾಚುವುದಿಲ್ಲ, ಗೌರವದಿಂದ ಕೆತ್ತುತ್ತದೆ. ಅವನಿಗೆ ಸತ್ಯವಾಕ್ಯನೆಂಬ ಇನ್ನೊಂದು ಹೆಸರೂ ಇದ್ದಿತು. ಆಡಿದ ಮಾತಿಗೆ ತಪ್ಪದವನೆಂಬ ಕೀರ್ತಿಯನ್ನು ಹೆಸರಾಗಿಯೇ ಪಡೆದ ಗುರುವು ಕೇಡಿನ ದೇವರ ಪುರೋಹಿತನಾಗಿದ್ದನೆಂದು ಹೇಗೆ ಹೇಳುವುದು? ದೇವಾಲಯವನ್ನೇ ನೋಡಿರಿ. ಗರ್ಭಗೃಹದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಬ್ರಹ್ಮ, ವಿಷ್ಣು, ಮಹೇಶ್ವರರೆಂದು ಜನರು ಕೈಮುಗಿಯುತ್ತಾರೆ. ಅದೇ ಆವರಣದಲ್ಲಿ ಸರಸ್ವತಿಗೆ ಬೇರೆಯೇ ಒಂದು ಗುಡಿ. ಅದರ ಕಂಬಗಳ ಮೇಲೆ ಕಲ್ಲುಕುಟಿಗನು ತೋರಿದ ಸೂಕ್ಷ್ಮತೆಯನ್ನು ಅಕ್ಕಸಾಲಿಗನೂ ಮೆಚ್ಚಬೇಕು. ತಲೆಬುರುಡೆಯ ಪಂಥವೆಂದು ಹೆಸರಾದವರ ಸ್ಥಾನದಲ್ಲಿ ವಿದ್ಯಾಧಿದೇವತೆಗೆ ಅಂಥ ಮಂಟಪವಿದೆ.

ಗದಗಿನ ಸಾಕ್ಷಿ ಸಾಲದೆಂಬವರು ಶಿಕಾರಿಪುರ ತಾಲೂಕಿನ ಬಳ್ಳಿಗಾವೆಗೆ ಹೋಗಬೇಕು. ಅಲ್ಲಿನ ಕೇದಾರೇಶ್ವರದ ಕೋಡಿಯಮಠವೂ ಕಾಳಾಮುಖರದೇ. 1162ರ ಶಾಸನವೊಂದು ಆ ಮಠವನ್ನು ವರ್ಣಿಸುವ ರೀತಿ ನಮ್ಮ ದೇಶದ ವಿದ್ಯೆಯ ಇತಿಹಾಸದಲ್ಲಿಯೇ ಚಿರಸ್ಮರಣೀಯವಾದುದು. ನಾಲ್ಕು ವೇದಗಳನ್ನೂ, ಪಾಣಿನಿಯದಲ್ಲದೆ ಕೌಮಾರ, ಶಾಕಟಾಯನ ಮೊದಲಾದ ವ್ಯಾಕರಣಗಳನ್ನೂ, ನ್ಯಾಯ ವೈಶೇಷಿಕ ಸಾಂಖ್ಯ ಮೀಮಾಂಸೆಗಳ ಜೊತೆಗೆ ಬೌದ್ಧದರ್ಶನವನ್ನೂ, ಪತಂಜಲಿಯ ಯೋಗವನ್ನೂ, ಹದಿನೆಂಟು ಪುರಾಣಗಳನ್ನೂ, ಕಾವ್ಯನಾಟಕಗಳನ್ನೂ ಕಲಿಸುವ ಸ್ಥಾನವದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಅಷ್ಟೇ ಅಲ್ಲ, ಬೇರೆ ಮತದ ಕ್ಷಪಣಕರೂ ಏಕದಂಡಿ ತ್ರಿದಂಡಿ ಸಂನ್ಯಾಸಿಗಳೂ ಬಂದು ಉಣ್ಣುವ ಸ್ಥಾನವದು. ರೋಗಿಗಳಿಗೆ ಚಿಕಿತ್ಸೆ ದೊರೆಯುವ, ಸಕಲ ಜೀವಿಗಳಿಗೂ ಅಭಯವೀಯುವ ಸ್ಥಾನವದು. ಜೈನರ ವ್ಯಾಕರಣವನ್ನು ಕಲಿಸಿ, ತಮ್ಮನ್ನು ಖಂಡಿಸುವ ಮತಗಳ ಯತಿಗಳಿಗೂ ಎಲೆಹಾಕಿ ಬಡಿಸಿದವರನ್ನು ಪಿಶಾಚಗಳ ಪಕ್ಷದವರೆಂದು ಕರೆದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ. ದಾನಶಾಸನವು ಹೊಗಳಿಕೆಯ ಪತ್ರವೆಂಬುದು ದಿಟ; ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರುವುದೂ ಸಹಜ. ಆದರೆ ಯಾವುದರಿಂದ ಹೊಗಳಿಸಿಕೊಳ್ಳಲು ಒಂದು ಪಂಥವು ಇಷ್ಟಪಟ್ಟಿತೆಂಬುದೇ ಅದರ ಆದರ್ಶದ ಪ್ರಮಾಣ. ಭೀತಿಯನ್ನು ಹುಟ್ಟಿಸಿದೆವೆಂದು ಇವರು ಇಲ್ಲಿ ಕೆತ್ತಿಸಿಕೊಳ್ಳಲಿಲ್ಲ.

ಹಾಗಾದರೆ ಆ ಆಚಾರ್ಯರಿಬ್ಬರು ಸುಳ್ಳು ಹೇಳಿದರೆ? ನಾನು ಹಾಗೆ ತಿಳಿಯುವುದಿಲ್ಲ. ಅವರ ಕಣ್ಣಿಗೆ ಬಿದ್ದ ಚಿಹ್ನೆಗಳಿಗೆ ಬೇರೊಂದು ಅರ್ಥವಿದ್ದಿತು. ಬ್ರಹ್ಮಹತ್ಯೆಗೈದವನು ಹನ್ನೆರಡು ವರ್ಷ ತಲೆಬುರುಡೆಯನ್ನು ಹಿಡಿದು, ತನ್ನ ಪಾಪವನ್ನು ತಾನೇ ಸಾರುತ್ತ ಭಿಕ್ಷೆ ಬೇಡಬೇಕೆಂದು ಧರ್ಮಶಾಸ್ತ್ರಗಳೇ ವಿಧಿಸಿವೆ. ಬ್ರಹ್ಮನ ಐದನೆಯ ತಲೆಯನ್ನು ಕಡಿದ ಶಿವನು ಭಿಕ್ಷಾಟನನಾಗಿ ಆ ವ್ರತವನ್ನೇ ನಡೆಸಿದನೆಂದು ಪುರಾಣಗಳು ಹೇಳುತ್ತವೆ. ಅಂದರೆ ಕಪಾಲವು ಪ್ರಾಯಶ್ಚಿತ್ತದ ಗುರುತು. ಮತ್ತೊಂದು ಮಾತು: ಕಾಳಾಮುಖರು ಸೇರಿದ ಲಕುಲೀಶ ಪಾಶುಪತ ಪರಂಪರೆಯಲ್ಲಿ ಸಾಧಕನು ಒಂದು ಹಂತದಲ್ಲಿ ಹುಚ್ಚನಂತೆ ನಟಿಸಿ, ಜನರ ನಿಂದೆಯನ್ನು ಬೇಕೆಂದೇ ತನ್ನ ಮೇಲೆ ಎಳೆದುಕೊಳ್ಳಬೇಕೆಂಬ ವಿಧಿಯುಂಟು, ಅಹಂಕಾರವನ್ನು ಸುಡುವುದಕ್ಕೆ ಅದೊಂದು ಉಪಾಯ. ನಿಂದೆಗೆ ತಾನಾಗಿ ಒಡ್ಡಿಕೊಂಡವನನ್ನು ಕಂಡ ದಾರಿಹೋಕನು ನಿಂದಿಸಿದರೆ, ಆ ನಿಂದೆಯೇ ಗ್ರಂಥಸ್ಥವಾದರೆ ಆಶ್ಚರ್ಯವೇನು? ಕಾಪಾಲಿಕರೆಂಬ ಇನ್ನೊಂದು ಶೈವಪಂಥದವರ ಉಗ್ರಾಚಾರಗಳನ್ನು ಕಾಳಾಮುಖರಿಗೂ ಆರೋಪಿಸಿರುವುದು ಸಂಭವನೀಯವೆಂದು ಈ ಎರಡು ಪಂಥಗಳನ್ನು ಕುರಿತು 1972ರಲ್ಲಿ ಗ್ರಂಥವನ್ನು ಪ್ರಕಟಿಸಿದ ವಿದ್ವಾಂಸ ಡೇವಿಡ್ ಲೊರೆಂಝೆನ್ನರು ವಾದಿಸಿದ್ದಾರೆ. ಕಾಪಾಲಿಕರ ದುರ್ದೈವವೋ ಇನ್ನೂ ದೊಡ್ಡದು. ಭವಭೂತಿಯ ‘ಮಾಲತೀಮಾಧವ’ದ ಅಘೋರಘಂಟನಂಥ ನಾಟಕಪಾತ್ರಗಳಾಗಿಯೇ ಅವರು ಉಳಿದರು, ತಮ್ಮ ಪರವಾಗಿ ಅವರೇ ಬರೆದುಕೊಂಡದ್ದು ಉಳಿಯಲಿಲ್ಲವೆಂದೇ ಹೇಳಬೇಕು.

ಗದಗಿನ ಆ ದತ್ತಿಯನ್ನು ಬಿಟ್ಟ ವೀರಬಲ್ಲಾಳನ ಆಸ್ಥಾನದಲ್ಲಿಯೇ ಜೈನನಾದ ಜನ್ನನು ಕವಿಚಕ್ರವರ್ತಿಯಾಗಿದ್ದನು. 1209ರಲ್ಲಿ ‘ಯಶೋಧರಚರಿತೆ’ಯನ್ನು ಬರೆದನು. ಚಂಡಮಾರಿಯ ಗುಡಿ, ನರಬಲಿಗಾಗಿ ಹಿಡಿತಂದ ಎಳೆಯರಿಬ್ಬರು, ಕತ್ತಿಯನ್ನೆತ್ತಲು ಸಿದ್ಧನಾದ ದೊರೆ ಮಾರಿದತ್ತ, ಇಷ್ಟನ್ನು ನೋಡಿದರೆ ಇದೂ ಒಂದು ದುಷ್ಟಪಂಥದ ಕಥೆಯೆಂದು ತೋರೀತು. ಆದರೆ ಜನ್ನನ ಪ್ರತಿಭೆ ಅಲ್ಲಿಗೆ ನಿಲ್ಲಲಿಲ್ಲ. ಬಲಿಗೆ ಬಂದ ಅಭಯರುಚಿ ಹೇಳುವ ಪೂರ್ವಜನ್ಮದ ಕಥೆಯಲ್ಲಿ, ಮಗ ಕಂಡೆನೆಂದು ಹೇಳಿದ ಕೆಟ್ಟ ಕನಸಿಗೆ ಹೆದರಿ, ಅವನಿಗೆ ಕೇಡು ತಟ್ಟದಿರಲೆಂದು ಬಲಿಯನ್ನು ಕೊಡಿಸಲು ಹಟಹಿಡಿಯುವವಳು ತಾಯಿ ಚಂದ್ರಮತಿ. ತಾಯಿಯ ಮನಸ್ಸನ್ನು ನೋಯಿಸಲಾರದೆ ಹಿಟ್ಟಿನ ಹುಂಜವನ್ನು ಕಡಿಯುವವನು ಯಶೋಧರ. ಆ ಒಂದು ಸಂಕಲ್ಪಹಿಂಸೆಗಾಗಿ ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುವರು. ಇಲ್ಲಿ ಕೇಡಿನ ಭಕ್ತರಾದರೂ ಯಾರು? ಮಗನನ್ನು ಪ್ರೀತಿಸಿದ ತಾಯಿ, ತಾಯಿಯನ್ನು ಗೌರವಿಸಿದ ಮಗ. ಹಿಂಸೆಯು ವಾತ್ಸಲ್ಯದ ಬಾಗಿಲಿನಿಂದಲೇ ಮನೆಯನ್ನು ಹೊಗುವುದೆಂದು ಎಂಟುನೂರು ವರ್ಷಗಳ ಹಿಂದೆ ಕಂಡ ಕವಿಯ ಮುಂದೆ, ಕಪ್ಪು ನಿಲುವಂಗಿಯ ಖಳರನ್ನು ಚಿತ್ರಿಸುವ ಇಂದಿನ ಕಥೆಗಳು ಬಹಳ ಬಡವಾದವುಗಳು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಈ ಕಥೆಯನ್ನೇ ಮತ್ತೆ ಕೈಗೆತ್ತಿಕೊಂಡದ್ದು ಸುಮ್ಮನೆ ಅಲ್ಲ.

ನಮ್ಮ ಕಡೆಯ ದ್ಯಾಮವ್ವ ದುರ್ಗವ್ವರ ಜಾತ್ರೆಯಲ್ಲಿಯೂ ಇದೇ ಸಂಗತಿ. ಹಿಂದಿನ ಕಾಲದಲ್ಲಿ ಕೋಣನನ್ನು ಕಡಿದು, ನೆತ್ತರು ಕಲಸಿದ ಅನ್ನವನ್ನು ಊರ ಸೀಮೆಯ ಸುತ್ತಲೂ ಚರಗ ಚೆಲ್ಲುತ್ತಿದ್ದರು. ಇರುಳೆಲ್ಲ ಎಚ್ಚರವಿದ್ದು ಗಡಿಯನ್ನು ಕಾಯುತ್ತಿದ್ದರು. ಹೊರಗಿನಿಂದ ಬಂದ ಪಾದ್ರಿಗೆ ಅದು ಸೈತಾನನ ಸೇವೆಯಾಗಿ ಕಂಡಿತು. ಆದರೆ ಅಲ್ಲಿ ನೆರೆದ ಜನರ ಬಾಯಲ್ಲಿದ್ದ ಬೇಡಿಕೆ ಏನು? ಬ್ಯಾನಿ ಬ್ಯಾಸರಿಕೆ ಊರಿಗೆ ಬರದಿರಲಿ, ಮಳೆ ಬೆಳೆ ಆಗಲಿ, ಮಕ್ಕಳು ಮರಿ ತಣ್ಣಗಿರಲಿ. ಪ್ಲೇಗು ಕಾಲರಾಗಳ ಕಾಲದಲ್ಲಿ ಔಷಧವಿಲ್ಲದ ಹಳ್ಳಿಯು ಮೃತ್ಯುವನ್ನು ತಾಯಿಯೆಂದು ಕರೆದು ಗಡಿಯಾಚೆಗೆ ಕಳಿಸಿಕೊಡಲು ಹೆಣಗಿತು. ಆ ಕೋಣನ ಪ್ರಾಣವೂ ಪ್ರಾಣವೇ, ಆದುದರಿಂದ 1959ರ ಪ್ರಾಣಿಬಲಿ ನಿಷೇಧದ ಕಾಯಿದೆಯನ್ನು ನಾನು ಸ್ವಾಗತಿಸುತ್ತೇನೆ. ಹನ್ನೆರಡನೆಯ ಶತಮಾನದ ವಚನಕಾರರೂ ಮಾರಿಮಸಣಿಗಳ ಪೂಜೆಯನ್ನು ನಿಷ್ಠುರವಾಗಿ ಅಲ್ಲಗಳೆದರು. ಆದರೆ ಕಾಯದ ದೈವವನ್ನೇಕೆ ನಂಬುವಿರಿ ಎಂಬುದು ಅವರ ಪ್ರಶ್ನೆ. ಹೆದರಿದ ಬಡವರನ್ನು ಅವರು ಪಾಪಿಷ್ಠರ ಕುಲವೆಂದು ಶಪಿಸಲಿಲ್ಲ.

ಇನ್ನು ಸತ್ತೂ ಸಾಯದವರ ವಿಷಯ. ತುಳುನಾಡಿನಲ್ಲಿ, ದಕ್ಷಿಣಕನ್ನಡದಿಂದ ಕಾಸರಗೋಡಿನವರೆಗೆ ನಡೆಯುವ ಭೂತಾರಾಧನೆಯನ್ನು ಕುರಿತು ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ ಸಾಮಗ್ರಿಯು ಅವನ ಮರಣಾನಂತರ 1894ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ‘ತುಳುವರ ಪಿಶಾಚಪೂಜೆ’ ಎಂಬರ್ಥದ ಶೀರ್ಷಿಕೆಯಿಂದ ಅಚ್ಚಾಯಿತು. ಆ ಪಿಶಾಚರು ಯಾರೆಂದು ತುಳುವಿನ ಜನಪದ ಕಥನಗೀತಗಳಾದ ಪಾಡ್ದನಗಳನ್ನು ಕೇಳಬೇಕು. ಕಾರ್ಕಳದಲ್ಲಿ 1432ರಲ್ಲಿ ನಿಂತ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನು ಬೇರೊಂದೆಡೆ ಅಂಥ ಮೂರ್ತಿಯನ್ನು ಕಡೆಯದಿರಲೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನೆಂದು ಪಾಡ್ದನವು ಹಾಡುತ್ತದೆ. ಕಲ್ಕುಡನೂ ಅವನ ತಂಗಿ ಕಲ್ಲುರ್ಟಿಯೂ ಭೂತಗಳಾಗಿ ಬಂದು ನ್ಯಾಯವನ್ನು ಕೇಳಿದರು. ಬದುಕಿದ್ದಾಗ ಅರಮನೆಯ ಮುಂದೆ ಬಾಯಿ ತೆರೆಯಲಾರದವನು ಸತ್ತಮೇಲೆ ನುಡಿಕೊಡುತ್ತಾನೆ. ಊರಿನ ಧಣಿಯೂ ಕೈಕಟ್ಟಿ ನಿಂತು ಅದನ್ನು ಕೇಳುತ್ತಾನೆ. ಬೇತಾಳನ ಕಥೆಯನ್ನು ತಿಳಿಯದ ಕನ್ನಡಿಗನಿಲ್ಲ. ಅಲ್ಲಿಯೂ ಹೆಣದೊಳಗಿನ ಬೇತಾಳನು ರಾಜನಿಗೆ ಧರ್ಮಸೂಕ್ಷ್ಮದ ಪ್ರಶ್ನೆಗಳನ್ನು ಹಾಕಿ, ಕೊನೆಗೆ ಅವನ ಪ್ರಾಣವನ್ನು ಉಳಿಸುತ್ತಾನೆ; ಬಲಿಕೊಡಲು ಹೊಂಚುಹಾಕಿದವನು ಬದುಕಿರುವ ಸಂನ್ಯಾಸಿ.

ಒಂದು ಪಂಥವನ್ನು ಕೇಡಿನ ಪಂಥವೆಂದು ಕರೆದರೆ ಆಗುವ ಅನಾಹುತವೇನು, ಮಾತಿನಿಂದ ಮೈಗೆ ಗಾಯವಾಗುವುದೆ ಎಂದು ಕೇಳುವವರಿರಬಹುದು. ಆಗುತ್ತದೆ. ದಾರಿಹೋಕರನ್ನು ಕೊಲ್ಲುತ್ತಿದ್ದ ಠಕ್ಕರ ಗುಂಪುಗಳು ನಿಜವಾಗಿ ಇದ್ದುವು. ಅವರ ಕೊಲೆಗಳೂ ನಿಜ. ಆದರೆ ಭವಾನಿಯ ಆಜ್ಞೆಯಿಂದ ಕೊಲ್ಲುವ ಒಂದು ವಂಶಪಾರಂಪರ್ಯದ ಮತವೇ ಇದೆಯೆಂಬ ಚಿತ್ರವನ್ನು ಠಕ್ಕರ ದಮನಕ್ಕೆ ನಿಂತ ಬ್ರಿಟಿಷ್ ಅಧಿಕಾರಿ ಕರ್ನಲ್ ಸ್ಲೀಮನ್ನನ ಬರಹಗಳೂ, ಮುಂದೆ ನಮ್ಮ ಸುರಪುರದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು 1839ರಲ್ಲಿ ಪ್ರಕಟಿಸಿದ ಕಾದಂಬರಿಯೂ ಲೋಕಕ್ಕೆ ಹರಡಿದುವು. 1836ರ ಕಾಯಿದೆಯಂತೆ ಇಂಥ ತಂಡಕ್ಕೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಯಾವ ಕೊಲೆಯನ್ನು ಮಾಡಿದನೆಂದು ತೋರಿಸಬೇಕಾಗಿರಲಿಲ್ಲ, ಅವನಿಗೆ ಆಜನ್ಮ ಸೆರೆ. ಅದೇ ಬುದ್ಧಿಯು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಾಗಿ ಬೆಳೆಯಿತು. ಹುಟ್ಟಿದ ಕೂಸೂ ಅಪರಾಧಿಯಾಯಿತು. ಮುಂಬಯಿ ಇಲಾಖೆಯ ಸರಕಾರವು ಅಂಥ ಸಮುದಾಯಗಳನ್ನು ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದ ವಸಾಹತುಗಳಲ್ಲಿ ಒಂದು ನಮ್ಮ ಗದಗ-ಬೆಟಗೇರಿಯಲ್ಲಿಯೇ ಇದ್ದಿತು. ‘ಸೆಟ್ಲಮೆಂಟ್’ ಎಂಬ ಹೆಸರು ಊರವರ ಬಾಯಲ್ಲಿ ಇಂದಿಗೂ ಇದೆ. ಕಾಯಿದೆ 1952ರಲ್ಲಿ ರದ್ದಾಯಿತು. ಕಳಂಕ ಅಷ್ಟು ಬೇಗ ರದ್ದಾಗಲಿಲ್ಲ. ಇದು ಹಿಂದಿನ ಕಾಲದ ಮಾತು ಮಾತ್ರವಲ್ಲ. 2014ರಲ್ಲಿ ಇರಾಕಿನ ಸಿಂಜಾರಿನಲ್ಲಿ ಯಜೀದಿಗಳೆಂಬ ಅಲ್ಪಸಂಖ್ಯಾತ ಮತದವರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದವರೂ ಅವರ ಹೆಂಗಸರನ್ನು ಮಾರಿದವರೂ, ಇವರು ಸೈತಾನನ ಭಕ್ತರೆಂಬ ಹಳೆಯ ಅಪವಾದವನ್ನೇ ಸಮರ್ಥನೆಯಾಗಿ ಮುಂದಿಟ್ಟರು. ದೇವರ ಹೆಸರಿನಲ್ಲಿ ಕೊಂದವರು ಅಲ್ಲಿ ಯಾರೆಂಬುದನ್ನು ಓದುಗರೇ ಗಮನಿಸಬೇಕು.

ಇದರಿಂದ ಎಲ್ಲ ಆಚಾರವೂ ಸಮವೆಂದು ನಾನು ಹೇಳುತ್ತಿರುವೆನೆಂದು ತಿಳಿಯಬಾರದು. ನಿಧಿಯ ಆಸೆಗಾಗಿ ಮಗುವನ್ನು ಕೊಲ್ಲುವವನು, ದೆವ್ವ ಬಿಡಿಸುತ್ತೇನೆಂದು ಹೆಂಗಸನ್ನು ಬಡಿಯುವವನು ಕೊಲೆಗಡುಕನೂ ಪೀಡಕನೂ ಹೌದು. ಅವನ ನಂಬಿಕೆ ಎಷ್ಟು ಪ್ರಾಮಾಣಿಕವಾಗಿದ್ದರೂ ಅವನಿಗೆ ಕ್ಷಮೆಯಿಲ್ಲ. ಅಂಥವರನ್ನು ಹಿಡಿಯುವುದಕ್ಕೆ ಅವರ ದೇವರು ಯಾರೆಂದು ಕೇಳಬೇಕಾಗಿಲ್ಲ, ಅವರು ಮಾಡಿದ್ದೇನೆಂದು ಕೇಳಿದರೆ ಸಾಕು. ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವುದಕ್ಕೆ ಕರ್ನಾಟಕವು 2017ರಲ್ಲಿ ಮಾಡಿ, 2020ರ ಜನವರಿಯಲ್ಲಿ ಜಾರಿಗೆ ತಂದ ಕಾಯಿದೆಯ ಸತ್ತ್ವ ಇರುವುದು ಇಲ್ಲಿಯೇ. ಅದು ನರಬಲಿ, ದೈಹಿಕ ಹಿಂಸೆ, ಬೆತ್ತಲೆ ಮೆರವಣಿಗೆ ಮೊದಲಾದ ಕೃತ್ಯಗಳನ್ನು ಹೆಸರಿಸಿ ದಂಡಿಸುತ್ತದೆ. ಪೂಜೆ, ಪ್ರದಕ್ಷಿಣೆ, ಯಾತ್ರೆಗಳನ್ನು ಮುಟ್ಟುವುದಿಲ್ಲ. ಯಾವ ದೇವತೆಯನ್ನೂ ದುಷ್ಟದೇವತೆಯೆಂದು ಸಾರುವುದಿಲ್ಲ.

ಕಲ್ಪಿತಲೋಕವನ್ನು ಕಟ್ಟಿದವರಲ್ಲಿ ಅಗ್ರಗಣ್ಯನಾದ ಟೋಲ್ಕಿನ್ ಈ ಸತ್ಯವನ್ನು ಬಲ್ಲವನಾಗಿದ್ದನು. ಅವನ ಮರಣಾನಂತರ 1977ರಲ್ಲಿ ಹೊರಬಂದ ‘ಸಿಲ್ಮರಿಲಿಯನ್’ ಗ್ರಂಥದಲ್ಲಿ ನುಮೆನೋರ್ ಎಂಬ ದ್ವೀಪದ ಜನರು ಅಂಧಕಾರದ ಒಡೆಯನಿಗೆ ಗುಡಿ ಕಟ್ಟಿ ನರಬಲಿಯನ್ನು ಕೊಡುವರು. ಅವರು ಹಾಗೆ ಮಾಡಿದ್ದು ಕೇಡಿನ ಮೇಲಣ ಮೋಹದಿಂದಲ್ಲ, ಸಾವಿನ ಭಯದಿಂದ. ಸಾವಿನಿಂದ ಬಿಡುಗಡೆ ದೊರೆಯುವುದೆಂದು ಮೋಸಗಾರನೊಬ್ಬನು ಅವರನ್ನು ನಂಬಿಸಿದ್ದನು. ಟೋಲ್ಕಿನ್ನನನ್ನು ಅನುಕರಿಸಿದ ಕಥೆಗಾರರಲ್ಲಿ ಅನೇಕರು ಗುಡಿಯನ್ನೂ ಬಲಿಯನ್ನೂ ಎತ್ತಿಕೊಂಡರು, ಭಯವನ್ನು ಬಿಟ್ಟುಬಿಟ್ಟರು.

ಇಂದು ಕನ್ನಡದಲ್ಲಿ ಇಂಥ ಕಥೆಗಳನ್ನೂ ಆಟಗಳನ್ನೂ ರಚಿಸುವ ತರುಣರು ಮುಂದೆ ಬರುತ್ತಿರುವರು. ಅವರಲ್ಲಿ ನನ್ನ ಬಿನ್ನಹವಿಷ್ಟೆ. ಮೃತ್ಯುದೇವನ ಪಂಥವನ್ನು ಚಿತ್ರಿಸಲೇಬೇಕೆಂದರೆ ಚಿತ್ರಿಸಿರಿ. ಆದರೆ ಕತ್ತಿ ಹಿಡಿದವನಿಗೆ ಒಬ್ಬ ತಾಯಿಯನ್ನೂ, ಹಾಸಿಗೆ ಹಿಡಿದ ಒಂದು ಕೂಸನ್ನೂ, ಒಣಗಿದ ಒಂದು ಹೊಲವನ್ನೂ ಕೊಡಿರಿ. ಅವನ ಶತ್ರುಗಳು ಬರೆದುದನ್ನು ಮಾತ್ರ ಓದಿ ಅವನನ್ನು ಕಟ್ಟಬೇಡಿರಿ. ಬರೆಯುವುದಕ್ಕೆ ಮುನ್ನ ಒಮ್ಮೆ ಗದಗಿಗೆ ಬಂದು, ತ್ರಿಕೂಟೇಶ್ವರದ ಆ 1192ರ ಶಾಸನದ ಪಾಠವನ್ನು ಬಲ್ಲವರಿಂದ ಓದಿಸಿ ಕೇಳಿರಿ.